ಗಾಜಿನ ತೋಟದಲ್ಲಿ ಸುಶೀಲಾ ಕಾಣದಾದಳು

ಟೋಕಿಯೋ

ಮೂವತ್ತೊಂದು ವರ್ಷ ಗಾಜು ಮಾರಿ ಹೊಟ್ಟೆ ಹೊರೆದ ನಾನು ಜಪಾನಿಗೆ ಕಾಲಿಟ್ಟ ದಿನವೇ ಗಾಜಿಗೆ ಹಣೆ ಬಡಿದುಕೊಂಡೆ. ಹೋಟೆಲಿನ ಬಾಗಿಲು ಅದು. ಅಲ್ಲೊಂದು ಬಾಗಿಲಿದೆ ಎಂದು ನನಗೆ ಗೊತ್ತೇ ಆಗಲಿಲ್ಲ. ಒಳ್ಳೆಯ ಗಾಜು ಅಂದರೆ ಇದ್ದೂ ಇಲ್ಲದಂತಿರಬೇಕು ಎಂದು ಪುಣೆಯ ಬಿಬವೇವಾಡಿಯ ನನ್ನ ಅಂಗಡಿಗೆ ಬರುವ ಗಿರಾಕಿಗಳಿಗೆಲ್ಲ ಹೇಳುತ್ತ ಬಂದವನು ನಾನು. ಅಂಥ ಗಾಜು ಕೊನೆಗೂ ಸಿಕ್ಕಿತು, ಹಣೆಗೆ ಸಿಕ್ಕಿತು.

ಕೌಂಟರಿನ ಹಿಂದಿದ್ದ ಇಬ್ಬರು ಹೆಣ್ಣುಮಕ್ಕಳು ಓಡಿಬಂದು ಸೊಂಟ ಬಾಗಿಸಿ ಕ್ಷಮೆ ಕೇಳಿದರು. ತಪ್ಪು ನನ್ನದಲ್ಲವೇ ಎಂದು ನಾನೂ ಬಾಗಿದೆ. ಅವರು ಮತ್ತೆ ಬಾಗಿದರು. ನಾನೂ ಮತ್ತೆ ಬಾಗಿದೆ. ಇದನ್ನು ಯಾರು ಮೊದಲು ನಿಲ್ಲಿಸಬೇಕು ಎನ್ನುವುದು ನನಗೆ ತಿಳಿದಿರಲಿಲ್ಲ. ನನ್ನ ಅಂಗಡಿಯಲ್ಲಿ ಯಾರಾದರೂ ಗಾಜಿಗೆ ಬಡಿದುಕೊಂಡರೆ ನಾನು ಮೊದಲು ಗಾಜನ್ನು ನೋಡುತ್ತೇನೆ, ಆಮೇಲೆ ಮನುಷ್ಯನನ್ನು. ಇಲ್ಲಿ ಗಾಜಿನ ಕಡೆ ಯಾರೂ ತಿರುಗಿ ನೋಡಲಿಲ್ಲ. ಒದ್ದೆ ಟವೆಲ್ಲಿನಲ್ಲಿ ಐಸು ಸುತ್ತಿ ತಂದು ಎರಡೂ ಕೈಯಿಂದ ಕೊಟ್ಟರು.

ಹಿಂದಿನಿಂದ ನಗು ಕೇಳಿಸಿತು. ನನ್ನ ಹೆಂಡತಿ ಸುಶೀಲಾ. ಸೀರೆಯ ಸೆರಗನ್ನು ಬಾಯಿಗೊತ್ತಿಕೊಂಡು ಭುಜ ಕುಣಿಸಿ ನಗುತ್ತಿದ್ದಳು.

"ಗಾಜಿನ ಸಾವುಕಾರ್ರು ಬಂದಾರ ಅಂತ ಬಾಗಿಲಿಗೆ ಗೊತ್ತಾತು ನೋಡ್ರಿ," ಎಂದಳು.

ಹಣೆಯ ನೋವಿಗಿಂತ ಆ ನಗು ನನ್ನನ್ನು ಹೆಚ್ಚು ಗಲಿಬಿಲಿಗೊಳಿಸಿತು. ನಮ್ಮಿಬ್ಬರ ನಡುವೆ ಗಾಜಿನ ಮಾತು ಬಂದು ಹದಿನೆಂಟು ವರ್ಷವಾಗಿತ್ತು.

ಬಿಬವೇವಾಡಿ, ಅದಕ್ಕೂ ಮೊದಲು

ನಮ್ಮದು ಮೂಲತಃ ಮುಧೋಳದ ಕಡೆ. ಅಪ್ಪ ಪುಣೆಗೆ ಬಂದು ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ನಾನು ಕಿಟಕಿಗಾಜು, ಕನ್ನಡಿ, ಫೋಟೋದ ಗಾಜು ಕತ್ತರಿಸಿ ಮಾರುವ ಅಂಗಡಿ ಹಾಕಿದೆ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲಾಚೆ ಮರಾಠಿ. ಹೀಗೇ ಬಾಳು ಸಾಗಿದೆ.

ಹದಿನೆಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ಸುಶೀಲಾ ಅಂಗಡಿಗೆ ನನ್ನ ಊಟದ ಡಬ್ಬಿ ತಂದಿದ್ದಳು. ಕೆಲಸದವನು ರಜೆ ಹಾಕಿದ್ದ. ಗಿರಾಕಿ ಅವಸರ ಮಾಡುತ್ತಿದ್ದ. "ಈ ತುದಿ ಸ್ವಲ್ಪ ಹಿಡಿ," ಎಂದೆ. ಕಟ್ಟರಿನಿಂದ ಗೆರೆ ಎಳೆದು ಮೇಜಿನ ಅಂಚಿಗೆ ಒತ್ತಿದಾಗ ಗಾಜು ಗೆರೆಯ ಮೇಲೆ ಮುರಿಯಲಿಲ್ಲ. ಅಕ್ಕಿಕಾಳಿನಷ್ಟು ಚೂರು ಹಾರಿ ಅವಳ ಬಲಗಣ್ಣಿಗೆ ಬಡಿಯಿತು. ಎರಡು ಆಪರೇಶನ್ ಆದವು. ಕಣ್ಣು ಉಳಿಯಿತು, ನೋಟ ಉಳಿಯಲಿಲ್ಲ.

ಅವಳು ಒಂದು ಮಾತು ಅನ್ನಲಿಲ್ಲ. ಆದರೆ ಮತ್ತೆಂದೂ ಅಂಗಡಿಯೊಳಗೆ ಕಾಲಿಡಲಿಲ್ಲ. ತರಕಾರಿಗೆ ಹೋದರೂ ಹಿಂದಿನ ಗಲ್ಲಿಯಿಂದ ಸುತ್ತು ಹಾಕಿ ಹೋಗುತ್ತಿದ್ದಳು. ಅವಳಿಗೆ ಗಾಜೆಂದರೆ ಅಂಜಿಕೆ ಎಂದುಕೊಂಡು ನಾನು ಮನೆಯಲ್ಲಿದ್ದ ಗಾಜನ್ನೆಲ್ಲ ಒಂದೊಂದಾಗಿ ತೆಗೆದೆ. ಚಹಾದ ಲೋಟ ಸ್ಟೀಲಿನದಾಯಿತು. ಕಪಾಟಿನ ಬಾಗಿಲಿಗೆ ಪ್ಲೈವುಡ್ ಬಂತು. ದೇವರ ಫೋಟೋಗಳ ಗಾಜು ಬಿಚ್ಚಿ ಪ್ಲಾಸ್ಟಿಕ್ ಹಾಳೆ ಹಾಕಿದೆ.

ನಾವು ಮಾಲು ತರಿಸುವ ಕಂಪನಿ ಆಗಾಗ ತನ್ನ ಡೀಲರುಗಳನ್ನು ಜೋಡಿಯಾಗಿ ವಿದೇಶಕ್ಕೆ ಕರೆದೊಯ್ಯುತ್ತದೆ. ಹಿಂದೆ ಎರಡು ಸಲ ಅವಕಾಶ ಬಂದಾಗ ನಾನು ಒಲ್ಲೆ ಎಂದಿದ್ದೆ. ಈ ಸಲ ಟೂರಿನ ಕಾಗದ ಬಂದಾಗ ಅವಳೇ, "ಹೋಗೂಣ್ರಿ," ಎಂದಳು. ನಾನು ಖುಷಿಯಿಂದ ಒಪ್ಪಿ, ಆಮೇಲೆ ಕಾಗದ ಓದಿದೆ. ಮೂರನೆಯ ದಿನ ಬೆಟ್ಟದ ಊರೊಂದರಲ್ಲಿ ಗಾಜಿನ ಮ್ಯೂಸಿಯಂ ಮತ್ತು ಗಾಜಿನ ತೋಟ ಎಂದಿತ್ತು. ಆ ಹಾಳೆಯನ್ನು ಹರಿದು ಒಗೆದೆ. ಆ ದಿನ ಏನಾದರೂ ನೆವ ಹೇಳಿ ಅವಳನ್ನು ಬಸ್ಸಿನಲ್ಲೇ ಕೂರಿಸಿದರಾಯಿತು ಎಂದುಕೊಂಡೆ.

ಬೆಟ್ಟದ ಬಸ್ಸು

ನಮ್ಮ ತಂಡವನ್ನು ನಡೆಸಿಕೊಂಡು ಹೋಗುತ್ತಿದ್ದವನು ಮಂದಾರ ಎಂಬ ಪುಣೆಯ ಮನುಷ್ಯ. ಬಸ್ಸು ಎಂಟಕ್ಕೆ ಅಂದರೆ ಎಂಟಕ್ಕೇ ಹೊರಡುತ್ತದೆ ಎಂದು ಅವನು ಹಿಂದಿನ ದಿನ ಮೂರು ಸಲ ಹೇಳಿದ್ದ. ನಮ್ಮವರು ಅದನ್ನು ಎಂಟೂವರೆ ಎಂದು ತಿಳಿದುಕೊಂಡಿದ್ದರು. ಎಂಟು ಗಂಟೆ ಒಂದು ನಿಮಿಷಕ್ಕೆ ಡ್ರೈವರ್ ಕೆಳಗಿಳಿದು ನಿಂತ. ಕೂಗಲಿಲ್ಲ, ಹಾರ್ನ್ ಹೊಡೆಯಲಿಲ್ಲ. ಬಿಳಿ ಕೈಗವಸು ತೊಟ್ಟು, ದುಃಖದ ಸುದ್ದಿ ಕೇಳಿದವನ ಹಾಗೆ ರಸ್ತೆ ನೋಡುತ್ತ ನಿಂತ. ಅದನ್ನು ನೋಡಲಾರದೆ ನಮ್ಮವರು ಓಡೋಡಿ ಬಂದು ಹತ್ತಿದರು. ಪುಣೆಯ ಸ್ವಾರಗೇಟಿನ ಬಸ್ ಸ್ಟ್ಯಾಂಡಿನಲ್ಲಿ ಈ ಉಪಾಯ ನಡೆಯಲಿಕ್ಕಿಲ್ಲ.

ನಮ್ಮ ಮುಂದಿನ ಸೀಟಿನಲ್ಲಿ ಶಿರೂರಿನ ಡೀಲರ್ ಗಾವಡೆ ಮತ್ತು ಅವರ ಹೆಂಡತಿ ಕೂತಿದ್ದರು. ಗಾವಡೆಬಾಯಿ ಬ್ಯಾಗಿನಿಂದ ಜೋಳದ ಭಾಕರಿ, ಶೇಂಗಾ ಚಟ್ನಿ ತೆಗೆದು ಹಂಚಿದರು. ಬಸ್ಸಿನಲ್ಲಿ ತಿನ್ನಬಹುದೋ ಬಾರದೋ ಯಾರಿಗೂ ಗೊತ್ತಿರಲಿಲ್ಲ. ತಿಂದ ಮೇಲೆ ಕಾಗದ ಎಸೆಯಲು ಊರಿಡೀ ಒಂದು ಕಸದ ಡಬ್ಬಿ ಸಿಗಲಿಲ್ಲ. ಅಷ್ಟು ಸ್ವಚ್ಛವಾದ ದೇಶದಲ್ಲಿ ಕಸದ ಡಬ್ಬಿಯೇ ಇಲ್ಲದಿರುವುದು ಹೇಗೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ. ಚಟ್ನಿ ಮೆತ್ತಿದ ಕಾಗದವನ್ನು ಸಂಜೆಯವರೆಗೆ ಕೋಟಿನ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ.

ಬೆಟ್ಟ ಹತ್ತುವಾಗ ಎರಡೂ ಬದಿಗೆ ಮರಗಳ ಎಲೆಗಳು ಕೆಂಪಾಗಿದ್ದವು. ಅಕ್ಟೋಬರ್ ಕೊನೆ. ಊರು ಹತ್ತಿರ ಬಂದಂತೆ ನಾನು ನೆವ ಹುಡುಕತೊಡಗಿದೆ.

"ನಿನಗ ತಲಿನೋವು ಅದ ಕಾಣಸ್ತದ," ಎಂದೆ ಸುಶೀಲಾಗೆ. "ನೀ ಬಸ್ಸಿನ್ಯಾಗ ಮಲಕೊ. ನಾವು ಬೇಗ ಬರ್ತೀವಿ."

"ನನಗ ಎಲ್ಲಿ ತಲಿನೋವು? ತಲಿ ಬಡಕೊಂಡಾವ್ರು ನೀವು."

"ಅಲ್ಲಿ ಅಂಥಾದ್ದೇನೂ ಇಲ್ಲ."

"ಇಲ್ಲದಿದ್ರ ಇಷ್ಟು ಮಂದಿ ಯಾಕ ಇಳೀತಾರ?" ಎಂದು ಚಪ್ಪಲಿ ಸಿಕ್ಕಿಸಿಕೊಂಡು ನನಗಿಂತ ಮೊದಲೇ ಇಳಿದಳು.

ತೋಟ

ಬಾಗಿಲು ದಾಟಿದೊಡನೆ ನನಗೆ ದಿಕ್ಕು ತೋಚಲಿಲ್ಲ. ಎದುರಿಗೊಂದು ಕೊಳ. ಅದರ ಮೇಲೆ ಕಮಾನು. ಕಮಾನಿನ ತುಂಬ ಎಳೆಎಳೆಯಾಗಿ ಗಾಜಿನ ಹನಿಗಳು. ಗಾಳಿ ಬೀಸಿದರೆ ಇಡೀ ಕಮಾನು ಸಣ್ಣಗೆ ಸದ್ದು ಮಾಡುತ್ತಿತ್ತು. ಕೊಳದ ನೀರಿನಲ್ಲಿ ತಲೆಯಷ್ಟು ದೊಡ್ಡ ನೀಲಿ, ಹಳದಿ ಗುಂಡುಗಳು ತೇಲುತ್ತಿದ್ದವು. ದಂಡೆಯ ಜೊಂಡಿನ ನಡುವೆ ಆಳೆತ್ತರದ ಕೆಂಪು ಗಾಜಿನ ಕೊಂಬೆಗಳು, ಬಳ್ಳಿಗಳು, ಹಾವಿನ ಹಾಗೆ ಸುರುಳಿ ಸುತ್ತಿಕೊಂಡ ನೇರಳೆ ಬಣ್ಣದ ಏನೋ. ಅವು ಹೂವೋ, ಬೆಂಕಿಯೋ, ಸಮುದ್ರದ ಪ್ರಾಣಿಯೋ ಹೇಳುವುದು ಕಷ್ಟ. ಎದುರಿನ ಫಲಕದಲ್ಲಿ ಏನು ಬರೆದಿತ್ತೋ. ಮಂದಾರ ಮೊಬೈಲು ಹಿಡಿದು ತರ್ಜುಮೆ ಮಾಡಿ, "ಇದರ ಹೆಸರು 'ನಾಳೆಯ ಈರುಳ್ಳಿ' ಅಂತ ಬರ್ತಾ ಇದೆ," ಎಂದು ಮರಾಠಿಯಲ್ಲಿ ಹೇಳಿದ. ಅವನಿಗೂ ಅದು ಸರಿ ಅನ್ನಿಸಲಿಲ್ಲ.

ನನ್ನ ಗೊಂದಲ ಬೇರೆಯದು. ಆ ಗಾಜಿನ ತುಂಬ ಗುಳ್ಳೆಗಳಿದ್ದವು. ಗುಳ್ಳೆ, ಅಲೆ, ಸೊಟ್ಟ, ಬಣ್ಣದ ಗೆರೆ. ಇಂಥ ಒಂದು ಹಾಳೆ ನನ್ನ ಅಂಗಡಿಗೆ ಬಂದರೆ ಫೋಟೋ ಹೊಡೆದು ಕಂಪನಿಗೆ ಕಳಿಸಿ ಮಾಲು ವಾಪಸ್ ಮಾಡುತ್ತೇನೆ. ಇಲ್ಲಿ ಜನ ಆ ಗುಳ್ಳೆಗಳ ಮುಂದೆ ದೇವರ ಮುಂದೆ ನಿಂತ ಹಾಗೆ ಸುಮ್ಮನೆ ನಿಂತಿದ್ದರು. ಗಾವಡೆ ನನ್ನ ಕಿವಿಯಲ್ಲಿ ಮರಾಠಿಯಲ್ಲಿ ಹೇಳಿದರು: "ನಮ್ಮ ಗೋಡೌನಿನಲ್ಲಿ ಮ್ಯೂಸಿಯಂ ಆಗುವಷ್ಟು ಮಾಲಿದೆ ಶೇಟ್, ಸುಮ್ಮನೆ ವಾಪಸ್ ಕಳಿಸಿದೆವು."

ಒಂದು ಗಿಡದ ಕೆಂಪು ಎಲೆ ಗಾಜಿನದೋ ನಿಜವಾದದ್ದೋ ಎಂದು ಮುಟ್ಟಿ ನೋಡಿದೆ. ನಿಜವಾದದ್ದು. ಕಾವಲಿನ ಮುದುಕ ಓಡಿಬಂದು ನನ್ನ ಬೆರಳು, ಎಲೆ ಎರಡನ್ನೂ ನೋಡಿ, ಎಲೆ ಎಂದು ಗೊತ್ತಾದ ಮೇಲೆ ಬಾಗಿದ. ನಾನೂ ಬಾಗಿದೆ. ಈ ಬಾಗಾಟ ಮುಗಿಸಿ ಎಡಕ್ಕೆ ತಿರುಗುವ ಹೊತ್ತಿಗೆ ಸುಶೀಲಾ ಇರಲಿಲ್ಲ.

ಹದಿನೆಂಟು ವರ್ಷದಿಂದ ಹೊರಗೆ ಹೋದಾಗಲೆಲ್ಲ ನಾನು ಅವಳ ಕಾಣದ ಕಡೆಗೇ ನಡೆಯುತ್ತೇನೆ, ತೋಳು ಹಿಡಿದುಕೊಂಡು. ಅವಳನ್ನು ನಾನು ಬಿಟ್ಟದ್ದು ಆ ಎಲೆ ಮುಟ್ಟಲೆಂದೇ. ಸುತ್ತ ನೋಡಿದೆ. ಎಲ್ಲೆಲ್ಲೂ ಗಾಜು. ಕಾಲಿನ ಹತ್ತಿರ ಗಾಜಿನ ಹುಲ್ಲು, ಭುಜದ ಹತ್ತಿರ ಗಾಜಿನ ಮುಳ್ಳು. ಅವಳ ಬಲಗಡೆ ಇವುಗಳಲ್ಲಿ ಯಾವುದಿದ್ದರೂ ಅವಳಿಗೆ ಕಾಣುವುದಿಲ್ಲ.

"ಸುಶೀ!" ಎಂದು ಕೂಗಿದೆ. ಇಡೀ ತೋಟ ನನ್ನ ಕಡೆ ತಿರುಗಿತು. ಜಪಾನಿಗೆ ಬಂದ ಮೇಲೆ ಅಷ್ಟು ದೊಡ್ಡ ದನಿ ನಾನು ಕೇಳಿರಲಿಲ್ಲ, ಕೇಳಿದಾಗ ಅದು ನನ್ನದೇ ಆಗಿತ್ತು.

"ಸುಶೀಲಾ ವಹಿನಿ ಒಳಗೆ ಹೋದರಲ್ಲ," ಎಂದರು ಗಾವಡೆಬಾಯಿ ಕಟ್ಟಡದ ಕಡೆ ಕೈ ತೋರಿಸಿ. "ಒಬ್ಬರೇ. ಬಹಳ ಅವಸರದಲ್ಲಿದ್ದರು."

ಬಣ್ಣದ ಕೋಣೆ

ಒಳಗಿನ ಓಣಿಗೆ ಎರಡೂ ಬದಿ ಕನ್ನಡಿ. ಹಣೆಯ ಮೇಲೆ ನಿಂಬೆಕಾಯಿಯಷ್ಟು ಬುಗುಟು ಎದ್ದ ಮನುಷ್ಯನೊಬ್ಬ ಆರು ದಿಕ್ಕಿನಿಂದ ನನ್ನ ಕಡೆ ಓಡಿಬರುತ್ತಿದ್ದ. ಎರಡು ಸಲ ದಾರಿ ತಪ್ಪಿ ಹೊರಟಲ್ಲಿಗೇ ಬಂದೆ. ಮೂರನೆಯ ಸಲ ಒಂದು ದೊಡ್ಡ ಕೋಣೆ ಸಿಕ್ಕಿತು.

ಆ ಕೋಣೆಯ ಚಾವಣಿ ದಪ್ಪ ಪಾರದರ್ಶಕ ಗಾಜಿನದು. ಅದರ ಮೇಲೆ ನೂರಾರು ಬಣ್ಣದ ಗಾಜಿನ ತಟ್ಟೆ, ಶಂಖ, ಹೂವು, ಬಟ್ಟಲುಗಳನ್ನು ರಾಶಿ ಹಾಕಿದ್ದರು. ಮೇಲಿಂದ ಬಿಸಿಲು ಅವುಗಳ ಮೂಲಕ ಇಳಿದು ನೆಲ, ಗೋಡೆ, ಜನರ ಮುಖವನ್ನೆಲ್ಲ ಬಣ್ಣ ಮಾಡಿತ್ತು. ನೋಡಲು ಬಂದವರು ಬೂಟು ಕಳಚಿ ನೆಲದ ಮೇಲೆ ಅಂಗಾತ ಮಲಗಿದ್ದರು. ಆ ಸಾಲಿನ ನಡುವೆ, ಶಾಲೆಯ ಹುಡುಗಿಯರಿಬ್ಬರ ಮಗ್ಗುಲಿಗೆ, ಇಳಕಲ್ ಸೀರೆಯುಟ್ಟು ನನ್ನ ಹೆಂಡತಿ ಮಲಗಿದ್ದಳು. ಕನ್ನಡಕ ತೆಗೆದು ಎದೆಯ ಮೇಲೆ ಇಟ್ಟುಕೊಂಡಿದ್ದಳು.

"ಏಳು," ಎಂದೆ. "ಮ್ಯಾಲಿಂದ ಬಿದ್ದರ ಏನು ಗತಿ?"

"ಇಷ್ಟು ಮಂದಿ ಮ್ಯಾಲೆ ಬೀಳೂದಿಲ್ಲ, ನನ್ನ ಮ್ಯಾಲಷ್ಟ ಬೀಳ್ತದೇನು? ಮಲಕೋರಿ."

"ಸುಶೀ, ನನಗ ಗೊತ್ತಿರಲಿಲ್ಲ, ಇಲ್ಲಿ ಹಿಂಗ..."

"ಗೊತ್ತಿತ್ತು ನಿಮಗ. ಹಾಳಿ ಹರದು ಒಗದ್ರಿ. ಮಂದಾರ ಅದನ್ನ ಮೊದಲ ನನ್ನ ಮೊಬೈಲಿಗೂ ಕಳಿಸಿದ್ದ. ಮೂರನೇ ದಿನ ಗಾಜಿನ ತೋಟ. ಅದಕ್ಕ ನಾ ಹೋಗೂಣು ಅಂದೆ."

ಅವಳ ಪಕ್ಕ ಕೂತೆ. ಕೂತರೆ ಹಿಂದಿನವರಿಗೆ ಅಡ್ಡವಾಗುತ್ತದೆಂದು ಯಾರೋ ಮೆಲ್ಲಗೆ ಸನ್ನೆ ಮಾಡಿದರು. ಮಲಗಿದೆ. ಮೇಲೆ ಹಸಿರು, ಕಿತ್ತಳೆ, ಕೆಂಪು ಒಂದರೊಳಗೊಂದು ಸೇರಿಕೊಂಡಿದ್ದವು. ಏನು ನೋಡಬೇಕೋ ತಿಳಿಯಲಿಲ್ಲ.

"ಗಾಜು ಕಂಡ್ರ ನಿನಗ ಅಂಜಿಕಿ ಅಂತ ತಿಳಕೊಂಡಿದ್ದೆ," ಎಂದೆ.

"ಯಾರು ಹೇಳಿದ್ರು?"

"ನೀ ಅಂಗಡಿಗೆ ಬರೂದು ಬಿಟ್ಟಿ."

ಪಕ್ಕದ ಹುಡುಗಿಯರು ಎದ್ದು ಹೋದರು.

"ಬಂದಿದ್ದೆ," ಎಂದಳು. "ಎರಡನೇ ಆಪರೇಶನ್ ಆಗಿ ಮೂರು ತಿಂಗಳಿಗೆ. ಡಬ್ಬಿ ತಗೊಂಡು ಬಂದೆ. ನೀವು ದೂರದಿಂದ ನನ್ನ ನೋಡಿದ್ರಿ. ನೋಡಿ ಶಟರ್ ಎಳಕೊಂಡ್ರಿ. ನಾ ಮೂಲಿ ಮ್ಯಾಲಿಂದ ತಿರುಗಿ ಹೋದೆ. ನನ್ನ ಮಾರಿ ನೋಡಿದ್ರ ನಿಮಗ ಕೆಲಸ ಮಾಡಾಕ ಆಗೂದಿಲ್ಲ ಅಂತ ತಿಳಕೊಂಡೆ."

ಆ ಶಟರ್ ನನಗೆ ನೆನಪಿತ್ತು. ಒಳಗೆ ಲಾರಿಯಿಂದ ಆಗಷ್ಟೇ ಇಳಿಸಿದ ಗಾಜಿನ ಹಾಳೆಗಳು ನಿಂತಿದ್ದವು. ಅವಳ ಕಣ್ಣಿಗೆ ಅವು ಬೀಳಬಾರದೆಂದು ಎಳೆದಿದ್ದೆ. ಮತ್ತೆ ಶಟರ್ ಎತ್ತಿದಾಗ ಅವಳು ಇರಲಿಲ್ಲ. ಗಾಜಿಗೆ ಹೆದರಿ ಹೋದಳು ಎಂದು ಆ ಸಂಜೆಯೇ ಮನೆಯ ಲೋಟಗಳನ್ನು ತೆಗೆದೆ.

ಇದನ್ನು ಅವಳಿಗೆ ಹೇಳಿದೆ. ಹೇಳುವಾಗ ನನಗೇ ಸುಳ್ಳು ಹೇಳಿದ ಹಾಗೆ ಕೇಳಿಸಿತು. ಅವಳು ಎದ್ದು ಕೂತು ಕನ್ನಡಕ ಹಾಕಿಕೊಂಡು ನನ್ನ ಮುಖವನ್ನೇ ನೋಡಿದಳು. ಅವಳ ಗಲ್ಲದ ಮೇಲೆ ಹಸಿರು ಬೆಳಕು ಬಿದ್ದಿತ್ತು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

"ಹದಿನೆಂಟು ವರ್ಷ ಸ್ಟೀಲ್ ಲೋಟದಾಗ ಚಾ ಕುಡದೇನಿ," ಎಂದಳು. "ತುಟಿ ಸುಟಗೊಂಡು."

ಕುಲುಮೆ

ತೋಟದ ಕೊನೆಗೆ ಒಂದು ಕುಲುಮೆ ಇತ್ತು. ಬಂದವರು ಬೇಕಾದರೆ ಗಾಜು ಊದಿ ಒಂದು ಲೋಟ ಮಾಡಬಹುದಿತ್ತು. ಸುಶೀಲಾ ನನ್ನನ್ನು ಕೇಳದೆ ಹೆಸರು ಕೊಟ್ಟಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಯಾವುದು ಕಾಳಜಿ, ಯಾವುದು ಶಟರ್ ಎಳೆಯುವುದು ಎಂದು ಆ ಹೊತ್ತಿಗೆ ನನಗೇ ತಿಳಿಯದಾಗಿತ್ತು.

ಕಲಿಸುವಾಕೆ ಅರವತ್ತರ ಆಸುಪಾಸಿನ ಹೆಂಗಸು, ಗಂಡಸರಂತೆ ಗಿಡ್ಡ ಕೂದಲು. ಮೊಣಕೈವರೆಗೆ ಸುಟ್ಟ ಕಲೆಗಳು. ಸುಶೀಲಾ ಆ ಕಲೆಗಳನ್ನು ಬೆರಳಿನಿಂದ ತೋರಿಸಿದಳು. ಆಕೆ ಎರಡೂ ಕೈ ಮುಂದೆ ಚಾಚಿ, ಬೆಂಕಿಯ ಕಡೆ ಗದ್ದ ಎತ್ತಿ ನಕ್ಕಳು. ಆಗ ಸುಶೀಲಾ ಕನ್ನಡಕ ತೆಗೆದು ತನ್ನ ಬಲಗಣ್ಣು ತೋರಿಸಿದಳು. ಆಮೇಲೆ ಕಿಟಕಿಯ ಗಾಜಿನ ಕಡೆ ಬೆರಳು ಮಾಡಿದಳು, ಆಮೇಲೆ ನನ್ನ ಕಡೆ.

ಆ ಹೆಂಗಸು ನನ್ನನ್ನು ನೋಡಿದಳು. ಅಯ್ಯೋ ಎನ್ನಲಿಲ್ಲ, ಬಾಗಲೂ ಇಲ್ಲ. ಒಳಗೆ ಹೋಗಿ ಬೇರೆಯವರಿಗೆ ಕೊಟ್ಟದ್ದಕ್ಕಿಂತ ದೊಡ್ಡದಾದ, ಸುತ್ತಲೂ ಮುಚ್ಚುವ ರಕ್ಷಣೆಯ ಕನ್ನಡಕ ತಂದು ಸುಶೀಲಾಗೆ ತೊಡಿಸಿದಳು. ಪಟ್ಟಿಯನ್ನು ಎರಡು ಸಲ ಎಳೆದು ನೋಡಿದಳು.

ಕೊಳವೆಯ ತುದಿಯಲ್ಲಿ ಕೆಂಡದಂಥ ಗಾಜಿನ ಉಂಡೆ. ಸುಶೀಲಾ ಗಲ್ಲ ಉಬ್ಬಿಸಿ ಊದಿದಳು. ಆಕೆ ಏನೋ ಹೇಳಿದಳು. ಮಂದಾರ ಮೊಬೈಲು ಮುಂದೆ ಹಿಡಿದ. ಮೊಬೈಲು ಹಿಂದಿಯಲ್ಲಿ, ರೇಲ್ವೆ ಸ್ಟೇಶನ್ನಿನ ಹೆಂಗಸಿನ ದನಿಯಲ್ಲಿ ಹೇಳಿತು: "ನಿಮ್ಮ ಉಸಿರು ಬಹಳ ಸಿಟ್ಟಿನಲ್ಲಿದೆ."

"ಜೋರಾಗಿ ಊದಬೇಡಿ ಅಂತ ಇರಬೇಕು," ಎಂದ ಮಂದಾರ ಗಾಬರಿಯಿಂದ.

ಸುಶೀಲಾ ಹಿಂತಿರುಗಿ ನೋಡಲಿಲ್ಲ. ಒಂದು ಗಳಿಗೆ ನಿಂತು, ಮತ್ತೆ ಮೆಲ್ಲಗೆ ಊದಿದಳು. ಉಂಡೆ ಉಬ್ಬಿತು. ಅದು ಕಿತ್ತಳೆಯಿಂದ ನೀಲಿಹಸಿರಿಗೆ ತಿರುಗುತ್ತ ಹೋದಂತೆ ನಾನು ಅದನ್ನಲ್ಲ, ಅವಳ ಕನ್ನಡಕದ ಅಂಚನ್ನೇ ನೋಡುತ್ತಿದ್ದೆ. ಏನೂ ಆಗಲಿಲ್ಲ. ಬಿಸಿ ಗಾಜನ್ನು ಒಮ್ಮೆಲೇ ಆರಿಸಿದರೆ ಸೀಳುತ್ತದೆ. ಅದಕ್ಕೇ ಲೋಟ ಒಂದಿಡೀ ದಿನ ಭಟ್ಟಿಯಲ್ಲಿ ಆರಿ ಆಮೇಲೆ ಹೋಟೆಲಿಗೆ ಬಂತು. ಒಂದು ಬದಿಗೆ ವಾಲಿದೆ. ಗುಳ್ಳೆಗಳಂತೂ ಎಣಿಸಲಾರದಷ್ಟಿವೆ. ಈಗ ಅವಳು ಅದರಲ್ಲಿ ಮಜ್ಜಿಗೆ ಕುಡಿಯುತ್ತಾಳೆ, ಅರ್ಧಕ್ಕಿಂತ ಹೆಚ್ಚು ಹಾಕಿದರೆ ಚೆಲ್ಲುತ್ತದೆ.

ಪುಣೆ

ವಿಮಾನದಲ್ಲಿ ಬರುವಾಗಲೆಲ್ಲ ಒಂದೇ ಪ್ರಶ್ನೆ ನನ್ನ ಬಾಯಿಯವರೆಗೆ ಬಂದು ವಾಪಸ್ ಹೋಗುತ್ತಿತ್ತು. ಬೆಳಗಿನ ಹೊತ್ತು ಪುಣೆಗೆ ಇಳಿದು ರಿಕ್ಷಾ ಹಿಡಿದೆವು. ನಾವು ಕನ್ನಡ ಮಾತಾಡುವುದನ್ನು ಕೇಳಿ ಡ್ರೈವರ್ ತಿರುಗಿ, "ನಮ್ಮ ಕಡೀಯವ್ರೇನ್ರಿ? ನಾವು ಶಹಾಪುರದವ್ರು," ಎಂದ. ಮೊದಲು ಕಟ್ಟಡದ ಕೆಲಸಕ್ಕೆ ಬಂದವನಂತೆ, ಈಗ ರಿಕ್ಷಾ.

"ಜಪಾನದಾಗ ಏನು ನೋಡಿದ್ರಿ ಸಾಹೇಬ್ರ?"

"ಗಾಜು," ಎಂದೆ.

"ಗಾಜು ನೋಡಾಕ ಅಷ್ಟು ದೂರ ಹೋಗಿದ್ರೇನು?" ಎಂದು ಅವನು ಪಾಪ ನಿಜಕ್ಕೂ ಕೇಳಿದ.

ಬಿಬವೇವಾಡಿಯ ಮಾರ್ಕೆಟ್ಟಿನ ಹತ್ತಿರ ಅವನು ಹಿಂದಿನ ಗಲ್ಲಿಗೆ ಹೊರಳಿಸಲು ಹೋದಾಗ ಸುಶೀಲಾ, "ಈ ಕಡೆ ಬ್ಯಾಡಪ್ಪಾ, ದೊಡ್ಡ ರಸ್ತೇಲೆ ನಡಿ," ಎಂದಳು. ನನ್ನ ಅಂಗಡಿಯ ಮುಂದೆ ರಿಕ್ಷಾ ನಿಲ್ಲಿಸಿದಳು. ಇನ್ನೂ ತೆರೆದಿರಲಿಲ್ಲ. ಇಳಿಯದೆ, ತಲೆ ಹೊರಗೆ ಹಾಕಿ ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಬೋರ್ಡು ಯಾವಾಗ ಬದಲಿ ಮಾಡಿದ್ರಿ?"

"ಆರು ವರ್ಷಾತು."

"ಅಕ್ಷರ ಭಾಳ ಸಣ್ಣವು ಆಗ್ಯಾವ," ಎಂದಳು. "ನಡಿಯಪ್ಪಾ."

ಮನೆಯ ಮುಂದೆ ಬ್ಯಾಗು ಇಳಿಸಿದೆವು. ಮೂರು ಮಾಳಿಗೆ ಹತ್ತಿ ಬಾಗಿಲ ಮುಂದೆ ನಿಂತಾಗ ಇಬ್ಬರಿಗೂ ತೇಕು ಹತ್ತಿತ್ತು. ಇನ್ನು ಒಳಗೆ ಹೋದರೆ ಕೇಳಲಾರೆ ಅನ್ನಿಸಿತು.

"ಸುಶೀ, ನಿನಗ ನನ್ನ ಮ್ಯಾಲೆ ಸಿಟ್ಟಿತ್ತೇನು?"

"ಇತ್ತಲ್ರಿ," ಎಂದಳು, ತಟ್ಟನೆ. "ಭಾಳ ಇತ್ತು. ಕಣ್ಣಿನ ಸಲುವಾಗಿ ಒಂದೆರಡು ವರ್ಷ. ನೀವು ಒಮ್ಮೆನೂ ಕೇಳಲಿಲ್ಲ ಅನ್ನೂದರ ಸಲುವಾಗಿ ಉಳಿದದ್ದೆಲ್ಲ."

"ಈಗ?"

ಅವಳು ಗೋಡೆಗೆ ಒರಗಿ ಯೋಚಿಸಿದಳು. ಸುಮ್ಮನೆ ನನ್ನ ಸಮಾಧಾನಕ್ಕೆ ಇಲ್ಲ ಎನ್ನುತ್ತಾಳೆ ಎಂದುಕೊಂಡಿದ್ದೆ.

"ಈಗೂ ಸ್ವಲ್ಪ ಅದ," ಎಂದಳು. "ನಾಳೆ ಮತ್ತ ಕೇಳ್ರಿ."

ನಾನು ಕೀಲಿಗಾಗಿ ಕಿಸೆಗಳನ್ನು ತಡಕಾಡಿದೆ. ಜಪಾನಿ ಚಿಲ್ಲರೆ ಸಿಕ್ಕಿತು, ಬಸ್ಸಿನ ಚೀಟಿ ಸಿಕ್ಕಿತು, ಕೀಲಿ ಸಿಗಲಿಲ್ಲ. ಅವಳು ಸ್ವಲ್ಪ ಹೊತ್ತು ನನ್ನನ್ನು ನೋಡುತ್ತ ನಿಂತಿದ್ದು, ಆಮೇಲೆ ತನ್ನ ಪರ್ಸಿನಿಂದ ಕೀಲಿ ತೆಗೆದು ಬಾಗಿಲು ತೆರೆದಳು.